ಫ್ಲಾಮರ್ಸ್‌ಫೆಲ್ಡ್ ಮತ್ತು ಕಣಗಿನಹಾಳ: ಹಳ್ಳಿಯೇ ಜಾಮೀನಾಗಿದ್ದ ಕಾಲ

ಪತ್ತಿನ ಸಹಕಾರ ಸಂಘದಲ್ಲಾಗಲಿ, ಸೌಹಾರ್ದ ಸಹಕಾರಿಯಲ್ಲಾಗಲಿ ಒಂದಾದರೂ ಠೇವಣಿ ಇಲ್ಲದ ವರ್ತಕರು ನಮ್ಮ ಜಿಲ್ಲೆಯಲ್ಲಿ ವಿರಳ. ಹೊಳಲ್ಕೆರೆಯ ಅಡಿಕೆ ವ್ಯಾಪಾರಿ, ಹೊಸದುರ್ಗದ ಕೊಬ್ಬರಿ ಮಂಡಿಯವರು, ಹಿರಿಯೂರಿನ ಸಣ್ಣ ಕಾರ್ಖಾನೆಯ ಮಾಲೀಕರು, ಚಿತ್ರದುರ್ಗದ ಜವಳಿ ಅಂಗಡಿಯವರು, ಎಲ್ಲರ ಕಪಾಟಿನಲ್ಲಿಯೂ ಅಂತಹ ರಸೀದಿಗಳಿರುತ್ತವೆ. ಆ ರಸೀದಿಯ ತಲೆಬರಹದಲ್ಲಿ ಸಂಘದ ಹೆಸರಿನ ಕೊನೆಗೆ 'ನಿಯಮಿತ' ಎಂಬ ಪದವೋ, ಅದರ ಸಂಕ್ಷೇಪವಾದ 'ನಿ.' ಎಂಬ ಅಕ್ಷರವೋ ಅಚ್ಚಾಗಿರುವುದನ್ನು ಬಹುಮಂದಿ ಕಂಡಿರುತ್ತಾರೆ. ಅದರ ಅರ್ಥವನ್ನು ವಿಚಾರಿಸಿದವರು ಕಡಿಮೆ. ಈ ಒಂದು ಪದಕ್ಕೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸವು ಆರಂಭವಾಗುವುದು ಬ್ಯಾಂಕಿನಲ್ಲಿ ಅಲ್ಲ, ಹಳ್ಳಿಯಲ್ಲಿ. ಒಂದು ಹಳ್ಳಿ ಗದಗ ಸೀಮೆಯದು. ಅದಕ್ಕೆ ಮಾದರಿಯಾದ ಇತರ ಎರಡು ಮೂರು ಹಳ್ಳಿಗಳು ಜರ್ಮನಿಯ ಗುಡ್ಡಗಾಡಿನವು.

ಕಣಗಿನಹಾಳ

ಕಣಗಿನಹಾಳ ಗದಗ ತಾಲ್ಲೂಕಿನ ಒಂದು ಸಾಧಾರಣ ಗ್ರಾಮ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಗದಗ ಸೀಮೆಯ ಎರೆಭೂಮಿಯ ಗುಣ ನಮ್ಮವರಿಗೆ ತಿಳಿಯದ್ದಲ್ಲ. ಹದವಾದ ಮಳೆಯಾದರೆ ಹತ್ತಿ, ಬಿಳಿಜೋಳ, ಗೋಧಿ, ಮೆಣಸಿನಕಾಯಿ ಎಲ್ಲವನ್ನೂ ಕೊಡುವ ನೆಲ. ಮಳೆ ತಪ್ಪಿದರೆ ಬಿರುಕು ಬಿಟ್ಟು ನಿಲ್ಲುವ ನೆಲ. 1880ರ ದಶಕದಲ್ಲಿ ಗದಗಿಗೆ ರೈಲು ಬಂದ ಮೇಲೆ ಅಲ್ಲಿನ ಹತ್ತಿಗೆ ದೂರದ ಪೇಟೆ ದೊರೆಯಿತು. ಆದರೆ ಹತ್ತಿ ಬೆಳೆಗೆ ಬಿತ್ತನೆಯಿಂದ ಮಾರಾಟದವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯುವವನಿಗೆ ಕೈಯಲ್ಲಿ ನಗದು ಬೇಕು. ನಗದು ಇದ್ದದ್ದು ಸಾಹುಕಾರನಲ್ಲಿ. ಬೆಳೆ ಕೈಗೆ ಬರುವ ಮೊದಲೇ ಅದರ ಬೆಲೆ ನಿಷ್ಕರ್ಷೆಯಾಗಿಬಿಡುತ್ತಿತ್ತು. 1876-78ರ ಕ್ಷಾಮ ಮತ್ತು ಶತಮಾನದ ಕೊನೆಯ 1899-1900ರ ಬರಗಾಲ ಈ ಸೀಮೆಯ ರೈತರನ್ನು ಇನ್ನಷ್ಟು ಸಾಲಕ್ಕೆ ತಳ್ಳಿದವು. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟುಹಾಕಿದ ಪ್ರಕರಣವನ್ನು ಸರ್ಕಾರವೂ ಮರೆತಿರಲಿಲ್ಲ.

ಇಂತಹ ಸನ್ನಿವೇಶದಲ್ಲಿ ಆ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗ್ರಾಮಸ್ಥರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವೊಂದನ್ನು ಸ್ಥಾಪಿಸಿದರು. ಅದು ನೋಂದಣಿಯಾದದ್ದು 1905ರ ಮೇ ತಿಂಗಳಲ್ಲಿ. ದೇಶದ ಮೊದಲ ಸಂಘ ಯಾವುದೆಂಬ ವಾದದಲ್ಲಿ ಮದ್ರಾಸ್ ಪ್ರಾಂತದ ತಿರೂರು ಗ್ರಾಮ 1904ರ ದಾಖಲೆಯನ್ನು ಮುಂದಿಡುತ್ತದೆ. ನಮ್ಮ ಕಡೆಯವರು ಕಣಗಿನಹಾಳಕ್ಕೆ ಆ ಹಿರಿಮೆಯನ್ನು ಸಲ್ಲಿಸುತ್ತಾರೆ. ಲೆಕ್ಕಪರಿಶೋಧಕನಿಗೆ ಈ ವಾದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ. ಅಡಮಾನಕ್ಕೆ ಆಸ್ತಿಯಿಲ್ಲದ, ಇದ್ದರೂ ಅದು ಈಗಾಗಲೇ ಸಾಹುಕಾರನ ಕೈಸೇರಿದ್ದ ರೈತರಿಗೆ ಈ ಸಂಘ ಯಾವ ಭದ್ರತೆಯ ಮೇಲೆ ಸಾಲ ಕೊಟ್ಟಿತು? ಉತ್ತರಕ್ಕಾಗಿ ರೈನ್ ನದಿಯ ದಡದವರೆಗೆ ಹೋಗಬೇಕು. ಏಕೆಂದರೆ ಕಣಗಿನಹಾಳದ ಸಂಘ ನೋಂದಣಿಯಾದ ಕಾನೂನಿನ ಮುಖ್ಯ ನಿಯಮಗಳು ರೂಪುಗೊಂಡದ್ದು ಅಲ್ಲಿ.

ವೆಸ್ಟರ್‌ವಾಲ್ಡ್‌ನ ನೆಲ ಮತ್ತು ಜನ

ರೈನ್ ನದಿಯ ಬಲದಂಡೆಯಲ್ಲಿ, ಸೀಗ್ ಮತ್ತು ಲಾನ್ ಎಂಬ ಎರಡು ಉಪನದಿಗಳ ನಡುವೆ ಹಬ್ಬಿರುವ ದಿಣ್ಣೆ ಪ್ರದೇಶಕ್ಕೆ ವೆಸ್ಟರ್‌ವಾಲ್ಡ್ ಎಂದು ಹೆಸರು. ಅದರ ಅತ್ಯುನ್ನತ ಶಿಖರವೇ ಸಮುದ್ರಮಟ್ಟದಿಂದ 657 ಮೀಟರ್. ನಮ್ಮ ಚಿತ್ರದುರ್ಗ ಪಟ್ಟಣ ಅದಕ್ಕಿಂತ ಎತ್ತರದಲ್ಲಿದೆ. ಆದರೆ ಎತ್ತರ ನೋಡಿ ಹವೆಯನ್ನು ಅಳೆಯುವಂತಿಲ್ಲ. ಉತ್ತರಕ್ಕೆ ಬಹುದೂರ ಇರುವ ಆ ದಿಣ್ಣೆಗಳ ಮೇಲೆ ಗಾಳಿ, ಜಿಟಿಜಿಟಿ ಮಳೆ, ದೀರ್ಘ ಚಳಿಗಾಲ. ಮಣ್ಣು ಬಡವಾದದ್ದು. ರೈನ್ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವಾಗ ಮೇಲಿನ ಹಳ್ಳಿಗಳಲ್ಲಿ ಓಟ್ಸ್, ರೈ ಎಂಬ ಒರಟು ಧಾನ್ಯಗಳು, ಆಲೂಗಡ್ಡೆ ಮತ್ತು ದನಕರುಗಳೇ ಜೀವನಾಧಾರ. ತಂದೆಯ ಹೊಲವನ್ನು ಮಕ್ಕಳು ಹಂಚಿಕೊಳ್ಳುತ್ತಿದ್ದುದರಿಂದ ಹಿಡುವಳಿಗಳು ತಲೆಮಾರಿನಿಂದ ತಲೆಮಾರಿಗೆ ಪಟ್ಟಿಪಟ್ಟಿಯಾಗಿ ಕಿರಿದಾಗುತ್ತಿದ್ದವು. ಇದನ್ನು ಓದುವ ನಮ್ಮ ರೈತ ಮೂಲದ ವರ್ತಕರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಈ ಪ್ರದೇಶದ ಹಾಮ್ ಎಂಬ ಊರಿನಲ್ಲಿ 1818ರಲ್ಲಿ ಜನಿಸಿದ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ ಎಂಬಾತ 1845ರಲ್ಲಿ ವೈಯರ್‌ಬುಷ್ ಎಂಬ ಗ್ರಾಮಸಮೂಹದ ಮೇಯರ್ ಆಗಿ ಬಂದರು. ಮೇಯರ್ ಎಂದೊಡನೆ ಮಹಾನಗರದ ಪೌರರನ್ನು ಕಲ್ಪಿಸಿಕೊಳ್ಳಬಾರದು. ಹತ್ತಿಪ್ಪತ್ತು ಪುಟ್ಟ ಹಳ್ಳಿಗಳಿಗೆ ಶಾಲೆ, ರಸ್ತೆ, ಬಡವರ ಪಾಲನೆ ನೋಡಿಕೊಳ್ಳುವ, ಪ್ರಷ್ಯಾ ಸರ್ಕಾರ ನೇಮಿಸಿದ ಅಧಿಕಾರಿ ಅವರು. ನಮ್ಮ ಹಳೆಯ ಶೇಕದಾರರ ಸ್ಥಾನಕ್ಕೆ ಹೋಲಿಸಬಹುದು. ಅವರು ಬಂದ ಮರುವರ್ಷವೇ ದವಸದ ಬೆಳೆ ಕೈಕೊಟ್ಟಿತು, ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿತು. 1846-47ರ ಚಳಿಗಾಲದಲ್ಲಿ ಹಸಿವು ಮನೆಮನೆಗೆ ಬಂತು. ಸರ್ಕಾರದ ಉಗ್ರಾಣದಿಂದ ಹಿಟ್ಟು-ದವಸವೇನೋ ಬಂತು, ಆದರೆ ನಗದು ಕೊಟ್ಟವರಿಗೆ ಮಾತ್ರ ವಿತರಿಸಬೇಕೆಂಬ ಷರತ್ತಿತ್ತು. ಹಸಿದವನ ಕೈಯಲ್ಲಿ ನಗದು ಎಲ್ಲಿರುತ್ತದೆ? ರೈಫೈಸೆನ್ ಊರಿನ ಉಳ್ಳವರಿಂದ ಹಣ ಸೇರಿಸಿ ಒಂದು ನಿಧಿ ಮಾಡಿ, ಬಡವರಿಗೆ ಸಾಲದ ಮೇಲೆ ದವಸ ಒದಗಿಸಿದರು; ಊರೊಟ್ಟಿನ ಒಲೆಯೊಂದನ್ನು ಕಟ್ಟಿಸಿ ಬ್ರೆಡ್ ಸುಡಿಸಿ ಪೇಟೆಯ ದರಕ್ಕಿಂತ ಬಹಳ ಅಗ್ಗವಾಗಿ ಹಂಚಿಸಿದರು. ಊರಿಗೊಂದು ಸಾಮೂಹಿಕ ಒಲೆ ಇರುವುದು ಆ ಸೀಮೆಯ ಹಳೆಯ ಪದ್ಧತಿ. ವಾರದ ನಿಗದಿತ ದಿನ ಸರದಿಯ ಮೇಲೆ ಮನೆಗಳವರು ಅಲ್ಲಿ ಬ್ರೆಡ್ ಸುಟ್ಟುಕೊಳ್ಳುತ್ತಿದ್ದರು. ಹೊಸ ಸಂಘ ಹಳೆಯ ಒಲೆಯ ಕಟ್ಟುಪಾಡಿನ ಮೇಲೆಯೇ ನಿಂತಿತು ಎಂಬುದು ಗಮನಿಸತಕ್ಕ ಅಂಶ.

1848ರಲ್ಲಿ ಅವರಿಗೆ ಪಕ್ಕದ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಅಲ್ಲಿನ ಪಿಡುಗು ದನದ ಸಾಲ. ಹಸು ಕೊಳ್ಳಲಾರದ ರೈತನಿಗೆ ವ್ಯಾಪಾರಿ ಹಸುವನ್ನು ಸಾಕಲು ಕೊಡುತ್ತಿದ್ದ. ಒಡೆತನ ವ್ಯಾಪಾರಿಯದು, ಮೇವು ಮತ್ತು ದುಡಿಮೆ ರೈತನದು, ಕರುವಿನಲ್ಲಿ ಪಾಲು. ಕೊಟ್ಟಿಗೆ ತುಂಬಿದಂತೆ ಕಾಣುತ್ತಿತ್ತು, ಲೆಕ್ಕದಲ್ಲಿ ರೈತನದು ಏನೂ ಇರುತ್ತಿರಲಿಲ್ಲ. ನಮ್ಮಲ್ಲಿ ಕುರಿ, ದನಗಳನ್ನು ಪಾಲಿಗೆ ಕೊಡುವ ವಾಡಿಕೆಯನ್ನು ಬಲ್ಲವರಿಗೆ ಈ ವ್ಯವಸ್ಥೆ ಹೇಗೆ ಸೌಮ್ಯವಾಗಿಯೂ ಇರಬಹುದು, ಕ್ರೂರವಾಗಿಯೂ ಇರಬಹುದು ಎಂಬುದು ಗೊತ್ತು. 1849ರಲ್ಲಿ ರೈಫೈಸೆನ್ ಅಲ್ಲಿನ ಸುಮಾರು 60 ಮಂದಿ ಅನುಕೂಲಸ್ಥರನ್ನು ಸೇರಿಸಿ ಒಂದು ಸಹಾಯಕ ಸಂಘ ರಚಿಸಿದರು. ಅವರು ತಮ್ಮ ಸಮಸ್ತ ಆಸ್ತಿಯ ಹೊಣೆಯ ಮೇಲೆ ಜಂಟಿಯಾಗಿ ಹೊರಗಿನಿಂದ ಹಣ ತಂದರು. ಸಂಘವು ದನ ಕೊಂಡು ಬಡ ರೈತರಿಗೆ ಕೊಟ್ಟಿತು. ರೈತರು ಐದು ವರ್ಷಗಳ ಕಂತುಗಳಲ್ಲಿ ತೀರಿಸಬೇಕು. ಮುಂದೆ ನೇರವಾಗಿ ಹಣದ ಸಾಲವನ್ನೂ ಕೊಡತೊಡಗಿದರು.

ಊರಿನ ಕಷ್ಟ ಬರೀ ಸಾಲದ್ದಲ್ಲ, ದಾರಿಯದೂ ಹೌದು ಎಂಬುದನ್ನು ಅವರು ಬೇಗ ಅರಿತಿದ್ದರು. ದಿಣ್ಣೆಯ ಹಳ್ಳಿಗಳಿಂದ ರೈನ್ ನದಿಯ ದಡದ ನಾಯ್‌ವೀಡ್ ಪಟ್ಟಣಕ್ಕೆ ಸರಿಯಾದ ಗಾಡಿದಾರಿ ಇರಲಿಲ್ಲ. ಸರಕು ಪೇಟೆಗೆ ಹೋಗದೆ ಸಾಲ ತೀರುವುದು ಹೇಗೆ? ವೈಯರ್‌ಬುಷ್‌ನಿಂದ ಫ್ಲಾಮರ್ಸ್‌ಫೆಲ್ಡ್ ಮೂಲಕ ನಾಯ್‌ವೀಡ್‌ವರೆಗೆ ರಸ್ತೆ ನಿರ್ಮಿಸಲು ಅವರು ಪಟ್ಟ ಶ್ರಮದ ನೆನಪಿಗೆ ಆ ಮಾರ್ಗವನ್ನು ಇಂದಿಗೂ ರೈಫೈಸೆನ್ ರಸ್ತೆ ಎಂದೇ ಕರೆಯುತ್ತಾರೆ. ಸಹಕಾರದ ಇತಿಹಾಸ ಬರೆಯುವವರು ಈ ರಸ್ತೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ವರ್ತಕರು ಮೊದಲು ಓದಬೇಕಾದದ್ದು ಅದನ್ನೇ.

ದಾನದಿಂದ ಸದಸ್ಯತ್ವಕ್ಕೆ

ಉಳ್ಳವರು ಸೇರಿ ಇಲ್ಲದವರಿಗೆ ನೆರವಾಗುವ ಸಂಘಕ್ಕೆ ಆಯುಸ್ಸು ಕಡಿಮೆ. ಕ್ಷಾಮ ಕಳೆದ ಮೇಲೆ ಉಳ್ಳವರ ಉತ್ಸಾಹ ಇಳಿಯುತ್ತದೆ. ಪಡೆದವನಿಗೂ ಅದು ತನ್ನ ಸಂಘವೆಂಬ ಭಾವನೆ ಬಾರದು. ಮೂರನೆಯ ಊರಾದ ಹೆಡ್ಡೆಸ್‌ಡಾರ್ಫ್‌ನಲ್ಲಿ 1854ರಲ್ಲಿ ಸ್ಥಾಪಿಸಿದ ಧರ್ಮಾರ್ಥ ಸಂಘದಲ್ಲಿ ರೈಫೈಸೆನ್ ಅವರಿಗೆ ಇದು ಅನುಭವಕ್ಕೆ ಬಂತು. ಅದರ ಬದಲಿಗೆ 1864ರಲ್ಲಿ ರಚಿಸಿದ ಸಾಲದ ಸಂಘದಲ್ಲಿ ಸಾಲ ಪಡೆಯುವವನೇ ಸದಸ್ಯ, ಸದಸ್ಯನೇ ಹೊಣೆಗಾರ. ದೃಷ್ಟಿ ಮಂದವಾಗಿ 1865ರಲ್ಲಿ ಅವರು ಮೇಯರ್ ಹುದ್ದೆಯಿಂದ ನಿವೃತ್ತರಾದರು. ಮರುವರ್ಷ ಪ್ರಕಟವಾದ ಅವರ ಪುಸ್ತಕದ ಮೂಲಕ ಈ ಪದ್ಧತಿ ಇತರ ಪ್ರಾಂತಗಳಿಗೆ ಹಬ್ಬಿತು.

ಈ ಪದ್ಧತಿಯ ನಿಯಮಗಳನ್ನು ಬಿಡಿಬಿಡಿಯಾಗಿ ನೋಡಿದರೆ ವಿಚಿತ್ರವೆನಿಸುತ್ತವೆ. ಹಳ್ಳಿಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಸಂಘದ ಕಾರ್ಯವ್ಯಾಪ್ತಿ ಒಂದು ಚರ್ಚಿನ ವ್ಯಾಪ್ತಿಯನ್ನು ಮೀರಬಾರದು. ಅಂದರೆ ಭಾನುವಾರ ಒಂದೇ ಕಡೆ ಸೇರುವ, ಒಬ್ಬರ ಮದುವೆ-ಮರಣಗಳಿಗೆ ಮತ್ತೊಬ್ಬರು ಹೋಗುವ ಜನ. ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ, ಯಾರ ಹಸು ಕಂದು ಹಾಕಿತು, ಯಾರ ಮಗ ಪಟ್ಟಣಕ್ಕೆ ಓಡಿಹೋದ ಎಂಬುದೆಲ್ಲ ಎಲ್ಲರಿಗೂ ಗೊತ್ತು. ಇಂದು ಬ್ಯಾಂಕುಗಳು ಸಾಲಗಾರನ ವಿಶ್ವಾಸಾರ್ಹತೆಯ ವರದಿಗೆ ಶುಲ್ಕ ತೆರುತ್ತವೆ. ಅಲ್ಲಿ ಆ ವರದಿ ಬಾವಿಕಟ್ಟೆಯಲ್ಲಿ, ಒಲೆಯ ಮುಂದೆ ಪುಕ್ಕಟೆಯಾಗಿ ಸಿಗುತ್ತಿತ್ತು. ಆದುದರಿಂದ ಅಡಮಾನದ ಅಗತ್ಯವಿರಲಿಲ್ಲ, ಇಬ್ಬರು ನೆರೆಯವರ ಜಾಮೀನು ಸಾಕಾಗುತ್ತಿತ್ತು.

ಇನ್ನೊಂದು ನಿಯಮ ಅನಿಯಮಿತ ಹೊಣೆ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಹೊಲ-ಮನೆ ಸಮೇತ ಸಂಘದ ಸಾಲಕ್ಕೆ ಬಾಧ್ಯ. ಪಾಲುದಾರಿಕೆ ಸಂಸ್ಥೆಗಳನ್ನು ನಡೆಸುವ ನಮ್ಮ ಓದುಗರಿಗೆ ಈ ಹೊಣೆಯ ಭಾರ ಚೆನ್ನಾಗಿ ತಿಳಿದಿದೆ. ಇಂತಹ ಹೊಣೆಯನ್ನು ಹೊತ್ತವನು ಯಾರಿಗೆ ಸಾಲ ಹೋಗುತ್ತಿದೆ, ಅದು ಬಿತ್ತನೆಗೆ ಹೋಯಿತೋ ಹೆಂಡದಂಗಡಿಗೆ ಹೋಯಿತೋ ಎಂಬುದನ್ನು ಕಣ್ಣಿಟ್ಟು ನೋಡದೆ ಇರಲಾರ. ಪದಾಧಿಕಾರಿಗಳಿಗೆ ಸಂಬಳವಿಲ್ಲ, ಲಾಭಾಂಶ ಇಲ್ಲ ಅಥವಾ ಅತ್ಯಲ್ಪ. ಉಳಿತಾಯವೆಲ್ಲ ಯಾರಿಗೂ ಹಂಚಲಾಗದ ಮೀಸಲು ನಿಧಿಗೆ. ಸಂಕ್ಷೇಪದಲ್ಲಿ, ಆ ಸಂಘದ ಆಸ್ತಿಪಟ್ಟಿಯ ಬಹುದೊಡ್ಡ ಬಾಬು ಲೆಕ್ಕಪುಸ್ತಕದಲ್ಲಿ ಬರೆಯಲಾಗದಂತಹುದು, ಅಂದರೆ ಊರಿನ ಪರಸ್ಪರ ಪರಿಚಯ.

ಇದೇ ಕಾಲದಲ್ಲಿ ಪಟ್ಟಣಗಳ ಬಡಗಿ, ಚಮ್ಮಾರ, ಸಣ್ಣ ವ್ಯಾಪಾರಿಗಳಿಗಾಗಿ ಹರ್ಮನ್ ಶುಲ್ಟ್ಸ್-ಡೆಲಿಟ್ಶ್ ಎಂಬವರು ಬೇರೆ ಬಗೆಯ ಸಂಘಗಳನ್ನು ಕಟ್ಟಿದ್ದರು. ಅಲ್ಲಿ ಷೇರು ಕಡ್ಡಾಯ, ಲಾಭಾಂಶ ಉಂಟು, ಸಾಲದ ಅವಧಿ ಕಿರಿದು, ಸಂಬಳದ ನೌಕರರು ಇದ್ದರು. ವ್ಯಾಪಾರಿಯ ಬಂಡವಾಳ ತಿಂಗಳೊಪ್ಪತ್ತಿನಲ್ಲಿ ಸುತ್ತಿ ಬರುತ್ತದೆ, ರೈತನದು ವರ್ಷಕ್ಕೊಮ್ಮೆ. ಆದ್ದರಿಂದ ಎರಡಕ್ಕೂ ಒಂದೇ ಅಚ್ಚು ಹೊಂದದು. ಇಬ್ಬರ ನಡುವೆ 1870ರ ದಶಕದಲ್ಲಿ ತೀವ್ರ ವಾಗ್ವಾದವೇ ನಡೆಯಿತು. ನಮ್ಮ ವರ್ತಕರ ಪಟ್ಟಣ ಸಹಕಾರ ಬ್ಯಾಂಕುಗಳ ವಂಶವೃಕ್ಷ ಹಿಡಿದು ಹೊರಟರೆ ತಲುಪುವುದು ಶುಲ್ಟ್ಸ್ ಅವರನ್ನು, ರೈಫೈಸೆನ್ ಅವರನ್ನಲ್ಲ.

ಭಾರತಕ್ಕೆ ಬಂದ ಬಗೆ

ಮದ್ರಾಸ್ ಸರ್ಕಾರವು ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯೂರೋಪಿನ ಕೃಷಿ ಬ್ಯಾಂಕುಗಳ ಅಧ್ಯಯನಕ್ಕೆ ನಿಯೋಜಿಸಿತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ವರದಿಯ ಸಾರಾಂಶವೆಂದರೆ, ಭಾರತಕ್ಕೆ ಬೇಕಾದದ್ದು ರೈಫೈಸೆನ್ ಅವರ ಮಾದರಿ ಮತ್ತು ಅದನ್ನು ನಡೆಸಬಲ್ಲ ಅಂತಹ ವ್ಯಕ್ತಿಗಳು. 1904ರ ಸಹಕಾರ ಪತ್ತಿನ ಸಂಘಗಳ ಅಧಿನಿಯಮದಲ್ಲಿ ಎರಡು ಜರ್ಮನ್ ಮಾದರಿಗಳೂ ಪಕ್ಕಪಕ್ಕದಲ್ಲಿ ಕುಳಿತವು. ಒಂದೇ ಊರಿನ ಅಥವಾ ಒಂದೇ ವರ್ಗ, ಜಾತಿಯ ಹತ್ತು ಜನ ಸೇರಿದರೆ ಸಂಘ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಕೃಷಿಕರಿದ್ದರೆ ಅದು ಗ್ರಾಮೀಣ ಸಂಘ. ಹೊಣೆ ಸಾಮಾನ್ಯವಾಗಿ ಅನಿಯಮಿತ, ಲಾಭವೆಲ್ಲ ಮೀಸಲು ನಿಧಿಗೆ. ಉಳಿದವು ಪಟ್ಟಣ ಸಂಘಗಳು. ಹೊಣೆ ಅವರವರ ಆಯ್ಕೆ, ಲಾಭದ ಕಾಲು ಭಾಗ ಮೀಸಲಿಗೆ ಇಟ್ಟರೆ ಸಾಕು.

ಕಣಗಿನಹಾಳ ಹುಟ್ಟಿದ್ದು ಈ ಕಾನೂನಿನಡಿ. ಜರ್ಮನಿಯ ಚರ್ಚಿನ ಗಂಟೆಯ ಸ್ಥಾನದಲ್ಲಿ ಅಲ್ಲಿ ಊರ ಗುಡಿ ಮತ್ತು ಗೌಡಕಿಯ ಮನೆತನದ ಮಾತು ಇದ್ದವು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯಿತ್ತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬುದಕ್ಕೆ ಯಾರೂ ಕಾಗದ ಬರೆದುಕೊಂಡಿರಲಿಲ್ಲ. ಊರ ಹಬ್ಬದ ಪಟ್ಟಿ, ಕೆರೆಯ ನೀರಿನ ಸರದಿ, ಚೀಟಿಯ ಹಣ ಎಲ್ಲವೂ ಅದೇ ನಂಬಿಕೆಯ ಮೇಲೆ ನಡೆಯುತ್ತಿದ್ದವು. ರೈಫೈಸೆನ್ ಪದ್ಧತಿ ನಮ್ಮಲ್ಲಿ ಬೇರು ಬಿಟ್ಟಿದ್ದು ಈ ಹದವಾದ ಮಣ್ಣಿನಲ್ಲಿ. ಆದರೆ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ನಮ್ಮ ಊರೊಳಗೆ ಕೇರಿಗಳಿದ್ದವು, ಎಲ್ಲ ಕೇರಿಯ ಮಾತಿಗೂ ಒಂದೇ ತೂಕವಿರಲಿಲ್ಲ. ಪರಿಚಯವು ಸಾಲ ಕೊಡಿಸಿದಂತೆಯೇ ಸಾಲ ತಪ್ಪಿಸಿದ್ದೂ ಉಂಟು.

ಆಗ ಚಿತ್ರದುರ್ಗ ಜಿಲ್ಲೆ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಸಂಸ್ಥಾನವು 1905ರಲ್ಲಿಯೇ ತನ್ನದೇ ಸಹಕಾರ ಕಾನೂನು ಮಾಡಿತು. ಅದೇ ವರ್ಷ ಬೆಂಗಳೂರು ನಗರದಲ್ಲಿ ಮೊದಲ ಸಂಘ ಸ್ಥಾಪನೆಯಾಯಿತು. ಧಾರವಾಡದ ಕಡೆ 1910ರ ದಶಕದಲ್ಲಿ ಹತ್ತಿ ಮಾರಾಟ ಸಂಘಗಳೂ, 1916ರಲ್ಲಿ ಕರ್ನಾಟಕ ಕೇಂದ್ರ ಸಹಕಾರ ಬ್ಯಾಂಕೂ ಹುಟ್ಟಿದವು. ಸಾಲದ ಹಿಂದೆಯೇ ಪೇಟೆಯ ದಾರಿಯೂ ಬೇಕೆಂಬ ಫ್ಲಾಮರ್ಸ್‌ಫೆಲ್ಡ್‌ನ ಪಾಠ ಇಲ್ಲಿಯೂ ಪುನರಾವರ್ತನೆಯಾಯಿತು ಎನ್ನಬಹುದು.

'ನಿಯಮಿತ' ಎಂದರೆ

ಕಾಲಕ್ರಮದಲ್ಲಿ ಸಂಘಗಳು ಬೆಳೆದವು. ಒಂದು ಊರಿನ ಸಂಘ ಹೋಬಳಿಗೆ, ತಾಲ್ಲೂಕಿಗೆ, ಜಿಲ್ಲೆಗೆ ಹರಡಿತು. ಊರು ದಾಟಿದ ಮೇಲೆ ಅಪರಿಚಿತನ ಸಾಲಕ್ಕೆ ತನ್ನ ಮನೆಯನ್ನು ಹೊಣೆಗೊಡ್ಡಲು ಯಾರು ಒಪ್ಪುತ್ತಾರೆ? ಹೀಗಾಗಿ ಹೊಣೆ ನಿಯಮಿತವಾಯಿತು. ಇಂದಿನ ಸಂಘದ ಸದಸ್ಯನ ನಷ್ಟ ಅವನ ಷೇರಿಗೆ ಸೀಮಿತ. ಇದು ಸದಸ್ಯನಿಗೆ ರಕ್ಷಣೆ. ಠೇವಣಿದಾರನಿಗೆ ಇದರ ಅರ್ಥ ಬೇರೆ. ಸಂಘದ ಆಸ್ತಿ ಮುಗಿದರೆ ಅದರಾಚೆ ಯಾರ ಮನೆಯ ಬಾಗಿಲನ್ನೂ ತಟ್ಟುವಂತಿಲ್ಲ ಎಂದರ್ಥ.

ಜರ್ಮನರು ಈ ಬದಲಾವಣೆಯನ್ನು ಎದುರಿಸಿದ ಕ್ರಮ ನೋಡಿರಿ. 1889ರ ಅವರ ಕಾನೂನು ನಿಯಮಿತ ಹೊಣೆಗೆ ಅವಕಾಶ ಕೊಟ್ಟಿತು. ಅದೇ ಕಾನೂನು ಕಡ್ಡಾಯ ಲೆಕ್ಕಪರಿಶೋಧನೆಯನ್ನೂ ತಂದಿತು. ಎರಡೂ ಒಟ್ಟಿಗೆ ಬಂದದ್ದು ಆಕಸ್ಮಿಕವಲ್ಲವೆಂದು ನಾನು ಭಾವಿಸುತ್ತೇನೆ. ನೆರೆಯವನ ಕಣ್ಣು ಹೋದ ಕಡೆ ಪರಿಶೋಧಕನ ಕಣ್ಣು ಬರಲೇಬೇಕು. ಮುಂದೆ 1934ರಲ್ಲಿ ಅಲ್ಲಿನ ಸಹಕಾರ ಬ್ಯಾಂಕುಗಳು ಒಂದು ಬ್ಯಾಂಕು ಕುಸಿದರೆ ಉಳಿದವು ಎತ್ತಿ ಹಿಡಿಯುವ ಸಾಮೂಹಿಕ ಭದ್ರತಾ ನಿಧಿಯನ್ನು ಮಾಡಿಕೊಂಡವು. 1972ರಲ್ಲಿ ರೈಫೈಸೆನ್ ಮತ್ತು ಶುಲ್ಟ್ಸ್ ಪರಂಪರೆಯ ಒಕ್ಕೂಟಗಳು ಒಂದಾದವು. ಹಳ್ಳಿಯ ಬ್ಯಾಂಕುಗಳು ಒಂದರಲ್ಲೊಂದು ವಿಲೀನವಾಗುತ್ತ ಬಂದು ಈಗ ಸಾವಿರಕ್ಕಿಂತ ಕಡಿಮೆ ಉಳಿದಿವೆ. ಫ್ಲಾಮರ್ಸ್‌ಫೆಲ್ಡ್‌ನಲ್ಲಿ ರೈಫೈಸೆನ್ ವಾಸಿಸಿದ್ದ ಮನೆ ವಸ್ತುಸಂಗ್ರಹಾಲಯವಾಗಿದೆ. ಸಹಕಾರ ಸಂಘ ಕಟ್ಟುವ ಈ ಪರಿಪಾಟಿಯನ್ನು ಯುನೆಸ್ಕೋ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ ಮತ್ತು 2001ರ ಜನವರಿಯಿಂದ ಜಾರಿಗೆ ಬಂದ 1997ರ ಸೌಹಾರ್ದ ಸಹಕಾರಿ ಅಧಿನಿಯಮ, ಎರಡರಲ್ಲಿಯೂ ಲೆಕ್ಕಪರಿಶೋಧನೆ ಕಡ್ಡಾಯ. ಆದರೆ ಠೇವಣಿ ವಿಮೆಯ ವಿಷಯದಲ್ಲಿ ಬಹುತೇಕ ವರ್ತಕರಿಗೆ ತಪ್ಪು ಕಲ್ಪನೆಯಿದೆ. 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾದ ವಿಮಾ ರಕ್ಷಣೆ ಅನ್ವಯಿಸುವುದು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಿಗೆ. ಪಟ್ಟಣ ಸಹಕಾರ ಬ್ಯಾಂಕುಗಳು ಅದರಲ್ಲಿ ಸೇರಿವೆ. ಪತ್ತಿನ ಸಹಕಾರ ಸಂಘಗಳಿಗಾಗಲಿ, ಪತ್ತಿನ ಸೌಹಾರ್ದ ಸಹಕಾರಿಗಳಿಗಾಗಲಿ ಅದು ಇಲ್ಲ. ಸಂಘಗಳು ತಮ್ಮ ಹೆಸರಿನೊಡನೆ 'ಬ್ಯಾಂಕ್' ಎಂಬ ಪದ ಬಳಸುವುದರ ಬಗ್ಗೆಯೂ, ನಾಮಮಾತ್ರ ಸದಸ್ಯರಿಂದ ಠೇವಣಿ ಪಡೆಯುವುದರ ಬಗ್ಗೆಯೂ ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಅರ್ಧ ಶೇಕಡಾ ಹೆಚ್ಚಿನ ಬಡ್ಡಿಗೆ ಠೇವಣಿ ಇಡುವಾಗ ಈ ವ್ಯತ್ಯಾಸದ ಬೆಲೆಯನ್ನೂ ಲೆಕ್ಕ ಹಾಕಬೇಕು.

ಹಾಗೆಂದು ಸಂಘಗಳೆಲ್ಲ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯವಲ್ಲ. ಮೂವತ್ತು ವರ್ಷಗಳ ವೃತ್ತಿಯಲ್ಲಿ ಒಂದೇ ಬೀದಿಯ ವರ್ತಕರು ನಡೆಸುವ, ಸುಸ್ತಿ ಸಾಲವೆಂಬುದೇ ಕಾಣದ ಚಿಕ್ಕ ಸಂಘಗಳನ್ನು ನೋಡಿದ್ದೇನೆ. ಅವುಗಳ ಆಡಳಿತ ಮಂಡಳಿಯವರು ಇಂದಿಗೂ ಸಾಲಗಾರನ ಅಂಗಡಿಯ ಮುಂದೆ ದಿನವೂ ಹಾದು ಹೋಗುವವರು. ಶಾಖೆಯ ಮೇಲೆ ಶಾಖೆ ತೆರೆದು, ಆಡಳಿತ ಮಂಡಳಿಯ ಯಾರೂ ಕಾಣದ ಊರಿನಲ್ಲಿ ಸಾಲ ಹಂಚಿ ಕುಸಿದವುಗಳನ್ನೂ ನೋಡಿದ್ದೇನೆ. ಎರಡರ ಉಪವಿಧಿಗಳೂ ಹೆಚ್ಚುಕಡಿಮೆ ಒಂದೇ ತೆರನಾಗಿದ್ದವು. ಎರಡನೆಯ ಬಗೆಯ ಸಂಘದಲ್ಲಿ ಹಣ ಇಡುವವರು ಮೀಸಲು ನಿಧಿ ಎಷ್ಟು, ಒಟ್ಟು ಸಾಲದಲ್ಲಿ ಸುಸ್ತಿ ಶೇಕಡಾ ಎಷ್ಟು, ಆಡಿಟ್ ವರ್ಗೀಕರಣ ಯಾವುದು, ಆಡಳಿತ ಮಂಡಳಿಯವರಿಗೂ ಅವರ ಬಂಧುಗಳಿಗೂ ಕೊಟ್ಟ ಸಾಲ ಎಷ್ಟು ಎಂಬ ನಾಲ್ಕು ಸಂಗತಿಗಳನ್ನು ಕೇಳಿ ತಿಳಿಯುವುದು ಅಗತ್ಯ. ಇವೆಲ್ಲವೂ ಲೆಕ್ಕಪರಿಶೋಧನಾ ವರದಿಯಲ್ಲಿ ಸಿಗತಕ್ಕ ವಿವರಗಳು. ಆ ವರದಿಯನ್ನು ವಾರ್ಷಿಕ ಮಹಾಸಭೆಯ ಮುಂದೆ ಇಡಲಾಗುತ್ತದೆ. ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಿನಲ್ಲಿ ನಡೆಯುತ್ತದೆ. ಅದರ ನೋಟೀಸು ಸದಸ್ಯರೆಲ್ಲರಿಗೂ ಬರುತ್ತದೆ. ಸಭೆಯಲ್ಲಿ ಒಬ್ಬ ಸದಸ್ಯನಿಗೆ, ಅವನ ಷೇರು ಎಷ್ಟೇ ಇರಲಿ, ಒಂದೇ ಮತ.